ವಿಷ ಉಣ್ಣುವವರು ನಮ್ಮ ಕಾಲಡಿಯಲ್ಲೇ ಇದ್ದಾರೆ!

ಅಡಿಕೆ ಮರದ ಬುಡದಲ್ಲಿ ಹೊಳಪು ಮೈಯ ಕಂದು ಅಣಬೆಯೊಂದು ಮೂಡಿತೆಂದರೆ ತೋಟದವರ ಜೀವ ಧಸಕ್ಕೆನ್ನುತ್ತದೆ. ಅಣಬೆ ರೋಗ! ಮಲೆನಾಡಿನ ಸಾಗರವಾಗಲಿ, ಹೊಸನಗರವಾಗಲಿ, ತೀರ್ಥಹಳ್ಳಿಯಾಗಲಿ, ಈ ಹೆಸರಿಗೆ ಅಂಜದ ಬೆಳೆಗಾರ ಇಲ್ಲ. ಅಣಬೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಬೇರು ಕೊಳೆತು ಮುಗಿದಿರುತ್ತದೆ. ಆ ಮರದ ಆಸೆ ಬಿಡಬೇಕು. ಪಕ್ಕದ ಮರಕ್ಕೆ ದಾಟದಂತೆ ಸುತ್ತ ಕಂದಕ ತೋಡಬೇಕು. ವಿಜ್ಞಾನಿಗಳು ಇದನ್ನು ಗ್ಯಾನೊಡರ್ಮಾ ಎನ್ನುತ್ತಾರೆ.

ಈಗ ಇದನ್ನು ಕೇಳಿ. ಇದೇ ಗ್ಯಾನೊಡರ್ಮಾ ಕುಲದ ಅಣಬೆಯನ್ನು ಪ್ರಯೋಗಾಲಯದಲ್ಲಿ ಲಿಂಡೇನ್ ಎಂಬ ಕೀಟನಾಶಕದ ಜೊತೆ ಬೆಳೆಸಿ ನೋಡಿದ್ದಾರೆ. ಲಿಂಡೇನ್ ಬೇರೇನೂ ಅಲ್ಲ, ನಮ್ಮ ಹಿರಿಯರು ಬಿಎಚ್‌ಸಿ ಪುಡಿ, ಗಮಾಕ್ಸಿನ್ ಪುಡಿ ಎಂದು ಕರೆಯುತ್ತಿದ್ದ ಆ ಘಾಟು ಪುಡಿಯ ಜೀವಾಳ. ಹುಳು ಸಾಯಿಸುವ ಶಕ್ತಿಯೆಲ್ಲ ಅದರದ್ದೇ. ಅಣಬೆ ಸಾಯಲಿಲ್ಲ. ಲಿಂಡೇನನ್ನೇ ಒಡೆದು ಹಾಕಿತು!

ನಮ್ಮ ಮರ ಕೊಲ್ಲುವ ಜೀವಿಯ ಹೊಟ್ಟೆಯಲ್ಲಿ ನಮ್ಮ ವಿಷಕ್ಕೆ ಮದ್ದಿದೆ. ಇದನ್ನು ತಿಳಿದ ಮೇಲೆ ಮಳೆಗಾಲದ ತೋಟಕ್ಕೆ ಮೊದಲಿನ ಕಣ್ಣಿನಿಂದ ಇಳಿಯಲು ನನಗೆ ಸಾಧ್ಯವಾಗಿಲ್ಲ.

ಇದು ಹೇಗೆ ಸಾಧ್ಯ? ಗುಟ್ಟು ಮರದ ಒಳಗಿದೆ. ಮರವನ್ನು ಮರವಾಗಿಸುವುದು, ಅದಕ್ಕೆ ಆ ಗಟ್ಟಿತನ ಕೊಡುವುದು ಲಿಗ್ನಿನ್ ಎಂಬ ವಸ್ತು. ಅದರ ರಚನೆಗೆ ತಲೆಬುಡ ಇಲ್ಲ. ಪಿಷ್ಟದಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ, ಅದನ್ನು ಕತ್ತರಿಸಲು ಒಂದು ಕಿಣ್ವ ಸಾಕು. ಲಿಗ್ನಿನ್ ಹಾಗಲ್ಲ. ಅದರ ಕೊಂಡಿಗಳು ನಾನಾ ಬಗೆ, ಜೋಡಣೆ ಅಡ್ಡಾದಿಡ್ಡಿ. ಭೂಮಿಯ ಮೇಲೆ ಅದನ್ನು ಪೂರ್ತಿ ಜೀರ್ಣಿಸಿಕೊಳ್ಳುವ ಜೀವಿಗಳು ಬೆರಳೆಣಿಕೆಯಷ್ಟು ಗುಂಪುಗಳಲ್ಲಿ ಮಾತ್ರ ಇವೆ. ಅವುಗಳಲ್ಲಿ ಮುಖ್ಯವಾದದ್ದು ಬಿಳಿ ಕೊಳೆ ಅಣಬೆಗಳ ಗುಂಪು. ಇವು ತಮ್ಮ ಕಿಣ್ವಗಳನ್ನು ಮೈಯಿಂದ ಹೊರಗೆ ಸುರಿಯುತ್ತವೆ. ಆ ಕಿಣ್ವಗಳು ಒಲೆಯಿಂದ ಸಿಡಿದ ಕೆಂಡದ ಕಿಡಿಗಳ ಹಾಗೆ, ಎದುರಿಗೆ ಏನು ಸಿಕ್ಕಿತೋ ಅದನ್ನು ಸುಡುತ್ತವೆ. ಇದು ಲಿಗ್ನಿನ್ನೋ ಬೇರೆಯೋ ಎಂದು ವಿಚಾರಿಸುವುದಿಲ್ಲ.

ಹಾಗಾದರೆ ಎದುರಿಗೆ ಡಿಡಿಟಿ ಸಿಕ್ಕರೆ? 1985ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಂಪಸ್, ಟಿಯನ್, ರೈಟ್, ಆಸ್ಟ್ ಎಂಬ ನಾಲ್ವರು ಕೇಳಿಕೊಂಡ ಪ್ರಶ್ನೆ ಇದು. ಫ್ಯಾನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಬಿಳಿ ಕೊಳೆ ಶಿಲೀಂಧ್ರಕ್ಕೆ ಅವರು ಡಿಡಿಟಿ ಕೊಟ್ಟರು, ಲಿಂಡೇನ್ ಕೊಟ್ಟರು, ಕಾರ್ಖಾನೆಯ ಹೊಗೆಯಲ್ಲಿರುವ ಬೆಂಜೊಪೈರೀನ್ ಕೊಟ್ಟರು, ಕೊನೆಗೆ ಮನುಷ್ಯ ಮಾಡಿದ ಅತಿ ಘೋರ ವಿಷಗಳಲ್ಲೊಂದಾದ ಡಯಾಕ್ಸಿನ್ನನ್ನೂ ಕೊಟ್ಟರು. ಶಿಲೀಂಧ್ರ ಪ್ರತಿಯೊಂದನ್ನೂ ಒಡೆಯತೊಡಗಿತು, ಒಂದಷ್ಟು ಭಾಗವನ್ನು ಬರೀ ಇಂಗಾಲದ ಡೈಆಕ್ಸೈಡ್ ಮಾಡಿ ಗಾಳಿಗೆ ಬಿಟ್ಟಿತು! ಇನ್ನೊಂದು ಸೋಜಿಗವೂ ಇದೆ. ಈ ಶಿಲೀಂಧ್ರಕ್ಕೆ ಸಾರಜನಕ ಯಥೇಚ್ಛ ಸಿಕ್ಕರೆ ಅದು ಆ ಕಿಣ್ವಗಳನ್ನು ಹೊರಬಿಡುವುದೇ ಇಲ್ಲ. ಸಾರಜನಕಕ್ಕೆ ಹಸಿದಾಗಲೇ ಅದರ ಪರಾಕ್ರಮ.

ಡಿಡಿಟಿ ನಮಗೆ ದೂರದ ಹೆಸರಲ್ಲ. ಮಲೇರಿಯಾ ಮಲೆನಾಡನ್ನು ಊರೂರೇ ಖಾಲಿ ಮಾಡಿದ್ದ ಕಾಲ ಒಂದಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಮನೆಗೋಡೆ, ಕೊಟ್ಟಿಗೆ, ಅಟ್ಟ ಒಂದನ್ನೂ ಬಿಡದೆ ಡಿಡಿಟಿ ಹೊಡೆದು ಹೋಗುತ್ತಿದ್ದವರನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ. ಆ ಪುಡಿ ಎಷ್ಟೋ ಜೀವ ಉಳಿಸಿತು, ಅದನ್ನು ಮರೆಯುವುದು ಕೃತಘ್ನತೆ. ಆದರೆ ಅದು ಬೇಗ ಕರಗದ ವಸ್ತು. ಅದೇ ಕಾಲಕ್ಕೆ ಆಗುಂಬೆಯ ಕಾಡಿನಲ್ಲಿ, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಕತ್ತಲ ಕಾಡಿನಲ್ಲಿ, ಬಿದ್ದ ಮರಗಳ ಮೇಲೆ ಬಿಳಿ ಕೊಳೆ ಅಣಬೆಗಳು ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದವು. ಡಿಡಿಟಿಯನ್ನು ಮುರಿಯಬಲ್ಲ ಕುಲದವು ಊರಿನಂಚಿನಲ್ಲೇ ಇದ್ದವು!

ಅಣಬೆಯ ಮಾತು ಸಾಕು, ಗದ್ದೆಗೆ ಇಳಿಯೋಣ. ಇನ್ನೂ ದೊಡ್ಡ ಬೆರಗು ಅಲ್ಲಿದೆ.

1975ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಸೊಂಟ, ಮಂಡಿಯ ಕೀಲುಗಳು ಸವೆದು, ನೋವಿನಲ್ಲಿ ನಡೆಯಲಾರದೆ, ಎಷ್ಟೋ ಮಂದಿ ನೆಲ ಹಿಡಿದರು. ಅವರಲ್ಲಿ ಹೆಚ್ಚಿನವರು ಬಡ ದಲಿತ ಕುಟುಂಬಗಳವರು, ಗದ್ದೆಯಲ್ಲಿ ದುಡಿದು ಗದ್ದೆಯ ಏಡಿ, ಮೀನು ತಿಂದು ಬದುಕಿದವರು. ಅನುಮಾನ ಮೊದಲು ಹೋದದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ: ವಿಷ ಏಡಿಯ ಮೂಲಕ ಮೈ ಸೇರಿತೇ? ಮುಂದಿನ ಸಂಶೋಧನೆಗಳು ಇದು ವಂಶವಾಹಿಯ ದೋಷದಿಂದ ಬರುವ ಮೂಳೆಯ ಕಾಯಿಲೆ, ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ ಎಂದು ಹೇಳಿದವು. ಹಂದಿಗೋಡಿನ ನೋವಿಗೆ ಕೀಟನಾಶಕ ಕಾರಣವಲ್ಲ. ಆದರೆ ಆ ದಿನ ಎದ್ದ ಪ್ರಶ್ನೆ ಸರಿಯಾಗಿಯೇ ಇತ್ತು: ಗದ್ದೆಗೆ ಸುರಿದ ವಿಷ ಆಮೇಲೆ ಎಲ್ಲಿ ಹೋಗುತ್ತದೆ?

ಉತ್ತರ ಬಂದದ್ದು ಇನ್ನೊಂದು ಭತ್ತದ ನಾಡಿನಿಂದ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದ ಆರಂಭದಲ್ಲಿ ವಿಚಿತ್ರವೊಂದು ನಡೆಯಿತು. ಡಯಾಜಿನಾನ್ ಎಂಬ ಕೀಟನಾಶಕವನ್ನು ಒಂದೇ ಗದ್ದೆಗೆ ಮತ್ತೆ ಮತ್ತೆ ಹಾಕುತ್ತಿದ್ದರು. ಮೊದಮೊದಲು ಅದು ನೀರಿನಲ್ಲಿ ಬಹಳ ದಿನ ನಿಲ್ಲುತ್ತಿತ್ತು. ಬರುಬರುತ್ತ ಬೇಗ ಮಾಯವಾಗತೊಡಗಿತು. ನಮ್ಮವರೇ ಆದ ವಿಜ್ಞಾನಿ ಎನ್. ಸೇತುನಾಥನ್ ಗದ್ದೆಯ ನೀರನ್ನು ಹಿಡಿದು ಹುಡುಕಿದರು. ಸಿಕ್ಕಿದ್ದು ಒಂದು ಬ್ಯಾಕ್ಟೀರಿಯಾ. ಅದು ಡಯಾಜಿನಾನನ್ನು ಸೀಳಿ, ಸಿಕ್ಕ ತುಣುಕಿನಿಂದ ಹೊಟ್ಟೆ ಹೊರೆಯುತ್ತಿತ್ತು! ಪ್ಯಾರಾಥಿಯಾನ್ ಎಂಬ ಇನ್ನೊಂದು ಕೀಟನಾಶಕ ಕೊಟ್ಟರು, ಅದನ್ನೂ ಸೀಳಿತು. 1973ರಲ್ಲಿ ಈ ಸುದ್ದಿ ಪ್ರಕಟವಾಯಿತು. ಅದೇ ಸೇತುನಾಥನ್ ಆಮೇಲೆ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಜೀವಿಗಳ ಬೆನ್ನು ಹತ್ತಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಇದು ಹಾಗೇ ದಾಟಿ ಹೋಗುವ ಸಂಗತಿಯಲ್ಲ. ಪ್ಯಾರಾಥಿಯಾನ್ ಹುಟ್ಟಿದ್ದು 1940ರ ದಶಕದಲ್ಲಿ, ಜರ್ಮನಿಯ ಪ್ರಯೋಗಾಲಯದಲ್ಲಿ. ಅದಕ್ಕೆ ಮುಂಚೆ ಭೂಮಿಯ ಮೇಲೆ ಆ ಅಣು ಇರಲೇ ಇಲ್ಲ. ಮೂವತ್ತು ವರ್ಷಗಳೊಳಗೆ ಗದ್ದೆಯ ಕೆಸರಿನ ಜೀವಿಯೊಂದರ ಕೈಯಲ್ಲಿ ಅದನ್ನು ಸೀಳುವ ಕಿಣ್ವ ಇದೆ! ಆ ಕಿಣ್ವ ಸಾಮಾನ್ಯದ್ದೂ ಅಲ್ಲ. ಪ್ಯಾರಾಥಿಯಾನಿನ ಅತಿ ವಿಷಕಾರಿ ರೂಪವಾದ ಪ್ಯಾರಾಕ್ಸಾನನ್ನು ಅದು ಸೆಕೆಂಡಿಗೆ ಸಾವಿರಾರು ಅಣುಗಳ ಲೆಕ್ಕದಲ್ಲಿ ಕತ್ತರಿಸುತ್ತದೆ. ಯುದ್ಧಾಸ್ತ್ರವೆನಿಸಿದ ಸಾರಿನ್ ಎಂಬ ನರವಿಷವನ್ನೂ ಕತ್ತರಿಸುತ್ತದೆ. ಹಳೆಯ ಯಾವುದೋ ಕೆಲಸದ ಕಿಣ್ವವೇ ಸಣ್ಣಪುಟ್ಟ ಬದಲಾವಣೆ ಹೊಂದಿ ಈ ಹೊಸ ಕಸುಬು ಕಲಿತಿರಬೇಕು ಎಂದು ವಿಜ್ಞಾನಿಗಳು ಎಣಿಸುತ್ತಾರೆ.

ಆಮೇಲಿನದು ಇನ್ನೂ ರೋಚಕ. ಅಮೆರಿಕದಲ್ಲಿ ಸಿಕ್ಕ, ಬೇರೆಯೇ ಜಾತಿಯ ಬ್ಯಾಕ್ಟೀರಿಯಾ ಒಂದರಲ್ಲೂ ಇದೇ ಕಿಣ್ವದ ಜೀನ್ ಇತ್ತು. ಅಕ್ಷರವೂ ಹೆಚ್ಚುಕಡಿಮೆಯಿಲ್ಲದ ಅದೇ ಜೀನ್! ಸಮುದ್ರದಾಚೆ ಈಚೆ ಇರುವ ಎರಡು ಜಾತಿಗಳಿಗೆ ಒಂದೇ ವಿದ್ಯೆ ಹೇಗೆ ಬಂತು? ಬ್ಯಾಕ್ಟೀರಿಯಾಗಳು ತಮ್ಮ ಮುಖ್ಯ ಡಿಎನ್‌ಎ ಹೊರತಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗಳನ್ನು ಇಟ್ಟುಕೊಂಡಿರುತ್ತವೆ. ಅವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತವೆ. ಜಾತಿ ಬೇರೆಯಾದರೂ ಅಡ್ಡಿಯಿಲ್ಲ. ನಾವು ಮಕ್ಕಳಿಗೆ ಮಾತ್ರ ಕೊಡಬಲ್ಲದ್ದನ್ನು ಅವು ದಾರಿಹೋಕರಿಗೂ ಕೊಡುತ್ತವೆ. ವಿಷ ಅರಗಿಸುವ ವಿದ್ಯೆ ಒಂದು ಜೀವಿಗೆ ಬಂತೆಂದರೆ ಅದು ಇಡೀ ಮಣ್ಣಿಗೆ ಹರಡಲು ದಾರಿ ಇದೆ. ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರುತ್ತವೆ ಎಂಬುದನ್ನು ಇದರ ಜೊತೆ ಇಟ್ಟು ನೋಡಿ. ಆ ನೂರು ಕೋಟಿಯ ನಡುವೆ ಎಷ್ಟು ಕೊಡುಕೊಳ್ಳುವಿಕೆ!

ಗಮಾಕ್ಸಿನ್ನಿಗೆ ವಾಪಸು ಬರೋಣ. ಅದರ ಅಣುವಿನಲ್ಲಿ ಆರು ಇಂಗಾಲ, ಆರು ಕ್ಲೋರಿನ್. ಕ್ಲೋರಿನ್ ಅಷ್ಟು ಗಟ್ಟಿಯಾಗಿ ಕೂತಿರುವುದರಿಂದಲೇ ಅದು ಬೇಗ ಕೆಡುವುದಿಲ್ಲ. ಬಿಎಚ್‌ಸಿ ಪುಡಿಯಲ್ಲಿ ಹುಳು ಕೊಲ್ಲುವ ಲಿಂಡೇನ್ ಹೆಚ್ಚೆಂದರೆ ಏಳನೇ ಒಂದು ಭಾಗ. ಮಿಕ್ಕದ್ದು ಅದೇ ಅಣುವಿನ ಬೇರೆ ಬೇರೆ ತಿರುಚು ರೂಪಗಳು. ಅವುಗಳಲ್ಲಿ ಬೀಟಾ ಎಂಬ ರೂಪವಂತೂ ಮಹಾ ಹಟಮಾರಿ. 1997ರಲ್ಲಿ ಭಾರತ ಬಿಎಚ್‌ಸಿಯನ್ನು ನಿಷೇಧಿಸಿತು. ಅಷ್ಟರೊಳಗೆ ದೇಶದ ಗದ್ದೆಗಳು ದಶಕಗಟ್ಟಲೆ ಅದನ್ನು ಉಂಡಿದ್ದವು.

ಆದರೆ 1967ರಷ್ಟು ಹಿಂದೆಯೇ ಫಿಲಿಪ್ಪೀನ್ಸ್‌ನ ಅದೇ ಸಂಸ್ಥೆಯಲ್ಲಿ ಒಂದು ಸಂಗತಿ ಗೊತ್ತಾಗಿತ್ತು. ನೀರು ನಿಂತ ಭತ್ತದ ಮಣ್ಣಿನಲ್ಲಿ ಲಿಂಡೇನ್ ಬೇಗ ಒಡೆಯುತ್ತದೆ! ಆಷಾಢದಲ್ಲಿ ನಮ್ಮ ಗದ್ದೆ ಹೇಗಿರುತ್ತದೆ ನೆನೆಸಿಕೊಳ್ಳಿ. ಮೊಣಕಾಲು ಮುಳುಗುವ ಕೆಸರು, ಮೇಲೆ ನಿಂತ ನೀರು. ಒಂದೆರಡು ಅಂಗುಲ ಕೆಳಗೆ ಆಮ್ಲಜನಕವೇ ಇಲ್ಲ. ಉಸಿರಿಗೆ ಗಾಳಿ ಸಿಗದ ಆ ಲೋಕದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಕ್ಲೋರಿನ್ ಹೊತ್ತ ಅಣುಗಳನ್ನೇ ಉಸಿರಾಟಕ್ಕೆ ಬಳಸುತ್ತವೆ. ಆ ಕ್ಲೋರಿನ್ ಕಿತ್ತು ಬಿಸಾಡುತ್ತವೆ. ನಾಟಿ ಮಾಡುವವರ ಪಾದದಡಿಯಲ್ಲಿ, ಮಳೆಯ ಸದ್ದಿನ ನಡುವೆ, ಇಂಥ ಕೆಲಸ ವರ್ಷ ವರ್ಷವೂ ನಡೆದಿದೆ. ಅದಕ್ಕೆ ಯಾರೂ ಕೂಲಿ ಕೊಟ್ಟಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ.

ಗಾಳಿಯಾಡುವ ಮಣ್ಣಿನಲ್ಲಿ ಬೇರೆಯೇ ದಂಡು ದುಡಿಯುತ್ತದೆ. ಭಾರತದ ಮಣ್ಣಿನಿಂದಲೇ ಬೇರ್ಪಡಿಸಿದ ಸ್ಫಿಂಗೋಬಿಯಂ ಇಂಡಿಕಂ ಎಂಬ ಬ್ಯಾಕ್ಟೀರಿಯಾ ಇಂದು ಲೋಕಪ್ರಸಿದ್ಧ. ಆ ಹಟಮಾರಿ ಬೀಟಾ ರೂಪದ ಮೇಲೂ ಅದು ಕೈ ಮಾಡುತ್ತದೆ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು, ಎಚ್.ಕೆ. ಮನೋನ್ಮಣಿ ಮತ್ತು ಸಂಗಡಿಗರು, ಇನ್ನೊಂದು ದಾರಿ ಹಿಡಿದರು. ಒಂಟಿ ಬ್ಯಾಕ್ಟೀರಿಯಾದ ಬದಲು ಒಂದು ಕೂಟವನ್ನೇ ಬೆಳೆಸಿದರು. ಮೊದಲು ಚೂರು ವಿಷ, ಅದಕ್ಕೆ ಒಗ್ಗಿದ ಮೇಲೆ ಇನ್ನಷ್ಟು, ಮತ್ತಷ್ಟು. ಹೀಗೆ ಪಳಗಿದ ಕೂಟ ಬಿಎಚ್‌ಸಿಯನ್ನು ಮೊದಲಿಗಿಂತ ಎಷ್ಟೋ ಚುರುಕಾಗಿ ಒಡೆಯಿತು. ಒಬ್ಬ ಬಿಟ್ಟ ತುಣುಕು ಇನ್ನೊಬ್ಬನಿಗೆ ಊಟ. ಹಂಚಿ ತಿಂದು ಮುಗಿಸುತ್ತವೆ.

ಧಾರವಾಡದಲ್ಲೂ ಇದೇ ಬೇಟೆ. ಕರ್ನಾಟಕ ವಿಶ್ವವಿದ್ಯಾಲಯದ ಎಚ್.ಜೆಡ್. ನಿನ್ನೇಕರ್ ಅವರ ತಂಡ 2008ರಲ್ಲಿ ಸೈಪರ್‌ಮೆತ್ರಿನ್ ಎಂಬ ಕೀಟನಾಶಕವನ್ನು ಆಹಾರ ಮಾಡಿಕೊಳ್ಳುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಒಂದನ್ನು ಲೋಕಕ್ಕೆ ತೋರಿಸಿತು. ಇನ್ನು ಬೆಂಗಳೂರಿನ ಕತೆ ಕೇಳಿದರೆ ಬಾಯಿ ಮೇಲೆ ಬೆರಳಿಡಬೇಕು. ಅಲ್ಲಿನ ಒಂದು ಪೆಟ್ರೋಲ್ ಬಂಕಿನ ಮಣ್ಣಿನಲ್ಲಿ ಸಿಎಸ್‌ವಿ86 ಎಂಬ ಗುರುತಿನ ಬ್ಯಾಕ್ಟೀರಿಯಾ ಸಿಕ್ಕಿತು. ಮುಂದೆ ಐಐಟಿ ಬಾಂಬೆಯಲ್ಲಿ ಪ್ರಶಾಂತ್ ಫಾಳೆ ಅವರ ತಂಡ ಅದರ ಮುಂದೆ ಎರಡು ತಟ್ಟೆ ಇಟ್ಟಿತು: ಒಂದರಲ್ಲಿ ಗ್ಲೂಕೋಸ್, ಇನ್ನೊಂದರಲ್ಲಿ ನುಸಿಗುಳಿಗೆಯ ನ್ಯಾಫ್ತಲೀನಿನಂಥ ವಿಷ. ಸಾಮಾನ್ಯವಾಗಿ ಯಾವ ಜೀವಿಯೂ ಸಕ್ಕರೆಗೇ ಮೊದಲು ಬಾಯಿ ಹಾಕುತ್ತದೆ. ಇದು ಸಕ್ಕರೆ ಬಿಟ್ಟು ಮೊದಲು ವಿಷ ತಿಂದು ಮುಗಿಸಿತು! ಈಗ ಅದಕ್ಕೆ ಸ್ಯೂಡೊಮೊನಾಸ್ ಭಾರತಿಕಾ ಎಂಬ ಹೆಸರಿದೆ.

ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನೂ ಒಡೆಯುವ ಜೀವಿಗಳಿವೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದ ಫಲವನ್ನು ಅಲ್ಲಿನ ಮಕ್ಕಳು ಇಂದೂ ಉಣ್ಣುತ್ತಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಮಣ್ಣಿನ ವಿಷವನ್ನು ಸೂಕ್ಷ್ಮಜೀವಿ ತಿಂದೀತು, ಮಗುವಿನ ಮೈಗಿಳಿದದ್ದನ್ನು ಹೊರತೆಗೆಯಲಾರದು. ಈ ವಿಷಯದಲ್ಲಿ ನನ್ನ ಬೆರಗಿಗೆ ಇದೊಂದು ಎಲ್ಲೆ.

ಇನ್ನೊಂದು ಎಲ್ಲೆ ನಮ್ಮ ತೋಟದಲ್ಲೇ ಇದೆ. ಅದು ನೀಲಿ ಬಣ್ಣದ್ದು.

1885ರಲ್ಲಿ ಫ್ರಾನ್ಸಿನ ಬೋರ್ಡೊ ಪ್ರದೇಶದ ದ್ರಾಕ್ಷಿ ತೋಟಗಳಿಗಾಗಿ ಮಿಯರ್ಡೆ ಎಂಬ ಸಸ್ಯವಿಜ್ಞಾನಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು, ಅಂದರೆ ಬೋರ್ಡೊವನ್ನು, ಪ್ರಕಟಪಡಿಸಿದ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ಬಗ್ಗೆ ಪುಸ್ತಿಕೆ ಬರೆದು, ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ನಮ್ಮವರ ಕೈಗೆ ಬೋರ್ಡೊ ಕೊಟ್ಟರು. ಅಡಿಕೆ ಉಳಿಯಿತು. ಅಂದಿನಿಂದ ಇಂದಿನವರೆಗೆ, ಒಂದು ನೂರು ವರ್ಷ ದಾಟಿದರೂ, ಮಳೆಗಾಲದಲ್ಲಿ ಎರಡು ಮೂರು ಸಲ ಕೊಳೆ ಔಷಧಿ ತಪ್ಪಿಲ್ಲ.

ಲೆಕ್ಕ ನೋಡಿ. ಶೇಕಡಾ ಒಂದರ ಬೋರ್ಡೊ ಎಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ. 200 ಲೀಟರಿನ ಒಂದು ಬ್ಯಾರಲ್‌ಗೆ ಎರಡು ಕಿಲೋ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ಅಪ್ಪಟ ತಾಮ್ರ. ಅಂದರೆ ಪ್ರತಿ ಬ್ಯಾರಲ್‌ನಲ್ಲಿ ಅರ್ಧ ಕಿಲೋ ತಾಮ್ರ! ಮಿಶ್ರಣ ಹದವಾಗಿದೆಯೇ ಎಂದು ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಾದರೆ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದಲ್ಲ, ಅದೇ ತಾಮ್ರ. ಗೊನೆಯಿಂದ ಮಳೆಗೆ ತೊಳೆದು ಅದು ಬುಡಕ್ಕೆ ಇಳಿಯುತ್ತದೆ. ಅಲ್ಲಿಂದ ಎಲ್ಲಿಗೆ? ಬಹುಪಾಲು ಮೇಲ್ಮಣ್ಣಿನಲ್ಲೇ ಕೂರುತ್ತದೆ. ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ಹೀಗೆ ಕೂತ ತಾಮ್ರ ಎರೆಹುಳುಗಳನ್ನೂ ಸೂಕ್ಷ್ಮಜೀವಿಗಳನ್ನೂ ಕಾಡುತ್ತಿದೆ ಎಂದು ಕಂಡ ಯುರೋಪು ಈಗ ಮಿತಿ ಹಾಕಿದೆ: ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ. ವರ್ಷಕ್ಕೆ ಸರಾಸರಿ ನಾಲ್ಕು ಕಿಲೋ, ಅಂದರೆ ಎಂಟು ಬ್ಯಾರಲ್ ಬೋರ್ಡೊ. ಎರಡೂವರೆ ಎಕರೆ ತೋಟಕ್ಕೆ ಒಂದು ಮಳೆಗಾಲದಲ್ಲಿ ನೀವು ಎಷ್ಟು ಬ್ಯಾರಲ್ ಖಾಲಿ ಮಾಡುತ್ತೀರಿ? ಲೆಕ್ಕ ನೀವೇ ಹಾಕಿ.

ತಾಮ್ರವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸಲಾರದು. ಅದು ಮೂಲಧಾತು, ಲಿಂಡೇನಿನಂತೆ ಬಿಚ್ಚಿ ಹಾಕಲು ಅದರಲ್ಲಿ ಕೊಂಡಿಗಳಿಲ್ಲ. ಹಾಗಂತ ಈ ಪುಟಾಣಿಗಳು ಕೈ ಕಟ್ಟಿ ಕೂತಿವೆಯೇ? ಇಲ್ಲ! ಕೆಲವು ತಮ್ಮ ಒಳಪೊರೆಯಲ್ಲಿ ಪಂಪು ಇಟ್ಟುಕೊಂಡಿವೆ. ತಾಮ್ರ ಒಳಬಂದ ಗಳಿಗೆಯಲ್ಲೇ ಹೊರದಬ್ಬುತ್ತವೆ. ನೀರು ನಿಂತ ಕೆಸರಿನಲ್ಲಿ ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಸಲ್ಫೈಡ್ ಬಿಡುಗಡೆ ಮಾಡಿ ತಾಮ್ರವನ್ನು ಕಪ್ಪು ಸಲ್ಫೈಡಾಗಿ ನೆಲದಲ್ಲಿ ಕೂರಿಸಿಬಿಡುತ್ತವೆ. ಮರ ಕೊಳೆಸುವ ಕೆಲವು ಶಿಲೀಂಧ್ರಗಳು ಆಕ್ಸಾಲಿಕ್ ಆಮ್ಲ ಸುರಿಸಿ ತಾಮ್ರವನ್ನು ಹರಳು ಕಟ್ಟಿಸುತ್ತವೆ. ಹರಳಾದ ಮೇಲೆ ಅದು ನೀರಲ್ಲಿ ಕರಗುವುದಿಲ್ಲ, ಬೇರಿಗೆ ಹತ್ತುವುದಿಲ್ಲ. ವಿಷ ಅಲ್ಲೇ ಇದೆ, ಹಲ್ಲು ಕಿತ್ತಾಗಿದೆ. ಆದರೆ ಮಣ್ಣು ಹುಳಿಯಾದರೆ ತಾಮ್ರ ಮತ್ತೆ ಕರಗಿ ಎದ್ದೀತು, ಮಲೆನಾಡಿನ ಮಣ್ಣೋ ಮೊದಲೇ ಹುಳಿ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಬೋರ್ಡೊದ ಜೊತೆಗೆ ಪ್ರೊಪಿಕೊನಜೋಲ್‌ನಂಥ ಹೊಸ ಶಿಲೀಂಧ್ರನಾಶಕಗಳೂ ತೋಟಕ್ಕೆ ಬಂದಿವೆ. ಬೆಳೆಗಾರರ ಗೋಳು ಕಂಡವರು ಔಷಧಿ ಹೊಡೆಯಬೇಡಿ ಎನ್ನಲಾರರು, ನಾನೂ ಎನ್ನುವುದಿಲ್ಲ. ಒಂದು ಮಾತ್ರ ನೆನಪಿಡಬೇಕು: ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ದಾಟಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಸೇರುತ್ತದೆ. ಈ ಸೀಮೆಯ ಎಷ್ಟೋ ತೋಟಗಳ ಬಸಿಗಾಲುವೆಗಳು ಕೊನೆಗೆ ಮುಟ್ಟುವುದು ಅದನ್ನೇ.

ಹಾಗಾದರೆ ಪ್ರಯೋಗಾಲಯದಲ್ಲಿ ಮಹಾಶಕ್ತಿಯ ಬ್ಯಾಕ್ಟೀರಿಯಾ ಮಾಡಿ ತಂದು ಬಿಟ್ಟರೆ ಆಗದೇ? ಬಂಗಾಳದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆನಂದ ಮೋಹನ ಚಕ್ರವರ್ತಿ 1970ರ ದಶಕದ ಆರಂಭದಲ್ಲೇ ಅದನ್ನು ಮಾಡಿದರು. ಹಲವು ಪ್ಲಾಸ್ಮಿಡ್‌ಗಳನ್ನು ಒಂದೇ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಕಚ್ಚಾತೈಲ ತಿನ್ನುವ ಜೀವಿ ಸೃಷ್ಟಿಸಿದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ತೀರ್ಪಿನಲ್ಲಿ ಅದಕ್ಕೆ ಪೇಟೆಂಟ್ ಸಲ್ಲುತ್ತದೆ ಎಂದಿತು, ಜಗತ್ತೇ ಮಾತಾಡಿತು. ಆದರೆ ಆ ಜೀವಿಯನ್ನು ಸಮುದ್ರಕ್ಕೆ ಬಿಡಲೇ ಇಲ್ಲ.

1989ರ ಮಾರ್ಚ್‌ನಲ್ಲಿ ಅಲಾಸ್ಕದ ಕಡಲಿನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆದು ಸುಮಾರು ನಾಲ್ಕು ಕೋಟಿ ಲೀಟರ್ ಕಚ್ಚಾತೈಲ ಚೆಲ್ಲಿತು. ಆಗ ವಿಜ್ಞಾನಿಗಳು ಏನು ಮಾಡಿದರು ಗೊತ್ತೇ? ಗೊಬ್ಬರ ಹಾಕಿದರು! ಆ ದಡದ ಬ್ಯಾಕ್ಟೀರಿಯಾಗಳಿಗೆ ತೈಲ ತಿನ್ನಲು ಮೊದಲೇ ಬರುತ್ತಿತ್ತು. ಇಂಗಾಲ ಬೇಕಾದಷ್ಟಿತ್ತು, ಸಾರಜನಕ ಮತ್ತು ರಂಜಕ ಸಾಲುತ್ತಿರಲಿಲ್ಲ. ನೂರು ಕಿಲೋಮೀಟರಿಗೂ ಹೆಚ್ಚು ದಡಕ್ಕೆ ಅವನ್ನು ಕೊಟ್ಟರು. ಎರಡು ವಾರ ಕಳೆಯುವಷ್ಟರಲ್ಲಿ, ಗೊಬ್ಬರ ಬಿದ್ದ ಕಡೆ ಮಾತ್ರ ಕಲ್ಲುಗಳು ಕಪ್ಪು ಕಳೆದುಕೊಂಡು ಎದ್ದು ಕಂಡವು. ಗಾಳಿಯಾಡದ ಆಳದಲ್ಲಿ ಹುದುಗಿದ ತೈಲ ದಶಕಗಳ ನಂತರವೂ ಉಳಿದಿದೆ, ಅದನ್ನೂ ಹೇಳಬೇಕು. ಆದರೂ ಆ ದಡ ಕಲಿಸಿದ್ದು ದೊಡ್ಡದು. ಕೆಲಸಗಾರರು ಅಲ್ಲೇ ಇದ್ದರು. ಅವರಿಗೆ ಊಟ ಬೇಕಿತ್ತು.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಸೊಪ್ಪಿನಬೆಟ್ಟ! ತೋಟಕ್ಕೆ ಹೊಂದಿಕೊಂಡ ಬೆಟ್ಟದಿಂದ ಹಸಿ ಸೊಪ್ಪು, ದರಕು ತಂದು, ಕೊಟ್ಟಿಗೆಯಲ್ಲಿ ಹಾಸಿ, ಸಗಣಿ ಬೆರೆಸಿ, ಗುಂಡಿಯಲ್ಲಿ ಕೊಳೆಸಿ ಮರದ ಬುಡಕ್ಕೆ ಹಾಕಿದ ನಮ್ಮ ಹಿರಿಯರು ಅಡಿಕೆಗೆ ಮಾತ್ರ ಉಣಿಸುತ್ತಿರಲಿಲ್ಲ. ಆ ನೂರು ಕೋಟಿ ಜೀವಿಗಳಿಗೂ ಉಣಿಸುತ್ತಿದ್ದರು. ಕೊಳೆತ ಸೊಪ್ಪಿನ ಹ್ಯೂಮಸ್ ತಾಮ್ರವನ್ನು ತಾನೇ ಬಿಗಿದು ಹಿಡಿಯುತ್ತದೆ. ಸೂಕ್ಷ್ಮಜೀವಿಗೆ ಅನ್ನವೂ ಆಗುತ್ತದೆ, ಗುರಾಣಿಯೂ ಆಗುತ್ತದೆ. ಸೊಪ್ಪು ನಿಲ್ಲಿಸಿ ಬರೀ ಚೀಲದ ಗೊಬ್ಬರ ಹಾಕುವ ತೋಟದಲ್ಲಿ ತಾಮ್ರ ಮಾತ್ರ ವರ್ಷ ವರ್ಷ ಬೀಳುತ್ತಲೇ ಇದೆ. ಊಟ ನಿಂತಿದೆ, ವಿಷ ನಿಂತಿಲ್ಲ. ಮಲೆನಾಡಿನ ಮಣ್ಣಿನ ಇಂದಿನ ಸಂಕಟವನ್ನು ನಾನು ಕಾಣುವುದು ಹೀಗೆ.

ಸ್ವೀಡನ್ನಿನ ರೈತರು 1990ರ ದಶಕದಿಂದ ಮಾಡುತ್ತಿರುವ ಒಂದು ಸರಳ ಉಪಾಯ ಇದೆ. ಔಷಧಿ ಕಲಸುವ, ಪಂಪು ತೊಳೆಯುವ ಜಾಗದಲ್ಲಿ ಒಂದು ಗುಂಡಿ. ಅದರಲ್ಲಿ ಅರ್ಧ ಒಣಹುಲ್ಲು, ಕಾಲು ಭಾಗ ಮಣ್ಣು, ಕಾಲು ಭಾಗ ಪೀಟ್ ಎಂಬ ಕೊಳೆತ ಸಸ್ಯದ ಮಣ್ಣು. ಮೇಲೆ ಹಸಿರು ಹುಲ್ಲಿನ ಹಾಸು. ಚೆಲ್ಲಿದ ಔಷಧಿ, ತೊಳೆದ ನೀರು ಎಲ್ಲ ಅದಕ್ಕೇ. ಹುಲ್ಲಿನ ಲಿಗ್ನಿನ್ ತಿನ್ನಲು ಬರುವ ಬಿಳಿ ಕೊಳೆ ಶಿಲೀಂಧ್ರ ಕೀಟನಾಶಕವನ್ನೂ ಜೊತೆಗೇ ಮುರಿಯುತ್ತದೆ. ಹುಲ್ಲಿನಲ್ಲಿ ಸಾರಜನಕ ಕಡಿಮೆ, ಹಾಗಾಗಿ ಅದರ ಪರಾಕ್ರಮಕ್ಕೂ ಕುಂದಿಲ್ಲ!

ಲಿಗ್ನಿನ್ ತುಂಬಿದ, ಸಾರಜನಕ ಕಡಿಮೆ ಇರುವ ವಸ್ತು ನಮ್ಮಲ್ಲಿ ಯಾವುದಿದೆ? ಅಡಿಕೆ ಸಿಪ್ಪೆ! ಸುಗ್ಗಿ ಮುಗಿದ ಮೇಲೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು, ಬೆಂಕಿ ಹಚ್ಚಿಸಿಕೊಂಡು ದಿನಗಟ್ಟಲೆ ಹೊಗೆಯಾಡುವ ಅದೇ ಸಿಪ್ಪೆ. ಅದರ ಮೇಲೆ ನಮ್ಮ ಕಾಡಿನ ಶಿಲೀಂಧ್ರ ಬೆಳೆಸಿ, ಸ್ವೀಡನ್ನಿನ ಹುಲ್ಲಿನ ಜಾಗದಲ್ಲಿ ಅದನ್ನು ಪರೀಕ್ಷಿಸಬೇಕು. ಇದು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ನೆಲೆ ಹೊಂದಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೂ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೂ ನನ್ನ ಬೇಡಿಕೆ. ಪೆಟ್ರೋಲ್ ಬಂಕಿನ ಒಂದು ಹಿಡಿ ಮಣ್ಣು ಅಂಥ ಜೀವಿಯನ್ನು ಕೊಟ್ಟಿತು. ಶತಮಾನದಿಂದ ತಾಮ್ರ ಉಂಡ ತೀರ್ಥಹಳ್ಳಿಯ ತೋಟ, ಗಮಾಕ್ಸಿನ್ ಉಂಡ ಹೊಸನಗರದ ಗದ್ದೆ ಇನ್ನೆಂಥವನ್ನು ಸಾಕಿಕೊಂಡಿರಬಹುದು! ಹುಡುಕಬೇಕು, ಬೇಗ ಹುಡುಕಬೇಕು.

ಬೆಳೆಗಾರರಲ್ಲಿ ಕೇಳಿಕೊಳ್ಳುವುದು ಇಷ್ಟು. ಮಣ್ಣು ಪರೀಕ್ಷೆಗೆ ಕೊಡುವಾಗ ಸಾರಜನಕ, ರಂಜಕ, ಪೊಟ್ಯಾಷ್ ಜೊತೆಗೆ ತಾಮ್ರ ಮತ್ತು ಹುಳಿಯ ಪ್ರಮಾಣವನ್ನೂ ನೋಡಲು ಹೇಳಿ. ಮಣ್ಣು ಹುಳಿಯಿದ್ದರೆ ಸುಣ್ಣ ಕೊಡಿ, ಸೊಪ್ಪು ಗೊಬ್ಬರ ಬಿಡಬೇಡಿ. ಬೋರ್ಡೊ ಕಲಸುವ ಜಾಗ ಬಾವಿಯಿಂದ, ಹಳ್ಳದಿಂದ ದೂರವಿರಲಿ. ಈ ಮಳೆಗಾಲದಲ್ಲಿ ಔಷಧಿ ಹೊಡೆದು ಮುಗಿಸಿದ ಮೇಲೆ ಬ್ಯಾರಲನ್ನು ಹಳ್ಳದಲ್ಲಿ ತೊಳೆಯಬೇಡಿ.